ನೆಲ ಡೊಂಕೆನ್ನುವ ಮನಸ್ಸು

‘ಕುಣಿಯಲಾರದವಳು ನೆಲ ಡೊಂಕೆಂದಳಂತೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ನಮ್ಮ ಹೈದರಾಬಾದಿನಲ್ಲಿ ಈ ಗಾದೆಗೆ ಇನ್ನೂ ಎರಡು ರೂಪಗಳುಂಟು. ತೆಲುಗಿನ ನೆರೆಯವರು ಆಡಲಾರದವಳು ಮದ್ದಲೆ ಒಡೆದಿದೆ ಎಂದಳೆನ್ನುತ್ತಾರೆ. ಉರ್ದು ಮಾತನಾಡುವ ನೆರೆಯವರು ಕುಣಿತ ಬಾರದವಳಿಗೆ ಅಂಗಳವೇ ಸೊಟ್ಟ ಎನ್ನುತ್ತಾರೆ. ಕಾಚಿಗುಡಾದ ಒಂದೇ ಬೀದಿಯಲ್ಲಿ ನೆಲ, ಮದ್ದಲೆ, ಅಂಗಳ ಈ ಮೂರರ ಮೇಲೂ ಅಪವಾದ ಬಂದಿದೆ. ಕುಣಿಯುವ ಕಾಲಿನ ಮೇಲೆ ಮಾತ್ರ ಯಾವ ಭಾಷೆಯಲ್ಲಿಯೂ ಬಂದಿಲ್ಲ. ಮೂರು ಭಾಷೆಗಳು ಒಂದೇ ಮಾತನ್ನು ಆಡುತ್ತಿವೆಯೆಂದರೆ ಅದು ಮನುಷ್ಯಸ್ವಭಾವದ ಮೂಲಕ್ಕೆ ಸೇರಿದ ಸಂಗತಿಯೆಂಬಲ್ಲಿ ಸಂದೇಹವಿಲ್ಲ.

ಆದರೆ ಈ ಗಾದೆ ಹೇಳುವುದು ಕುಣಿತ ಕೆಟ್ಟ ಮೇಲೆ ಹುಡುಕುವ ನೆಪವನ್ನು. ಅದಕ್ಕಿಂತ ವಿಚಿತ್ರವಾದ ಇನ್ನೊಂದು ವರ್ತನೆಯುಂಟು. ಕುಣಿತಕ್ಕೆ ಮುನ್ನಾದಿನ ರಾತ್ರಿ ತಾನೇ ಗುದ್ದಲಿ ಹಿಡಿದು ಹೋಗಿ, ಸಮವಾಗಿದ್ದ ನೆಲವನ್ನು ಅಗೆದು ಡೊಂಕು ಮಾಡಿ ಬರುವವನ ವರ್ತನೆ ಅದು. ಮರುದಿನ ಅವನು ನೆಲ ಡೊಂಕೆಂದರೆ ಅದು ಸುಳ್ಳಲ್ಲ. ನೆಲ ನಿಜವಾಗಿಯೂ ಡೊಂಕಾಗಿದೆ. ಪರೀಕ್ಷೆಯ ಹಿಂದಿನ ರಾತ್ರಿ ಚಲನಚಿತ್ರ ನೋಡಿ ಎರಡು ಗಂಟೆಗೆ ಮಲಗುವ ವಿದ್ಯಾರ್ಥಿ, ಹಾಡುವ ದಿನವೇ ತಂಪುಪಾನೀಯ ಕುಡಿದು ವೇದಿಕೆಯೇರಿ ‘ಈ ದಿನ ಕಂಠ ಸರಿಯಿಲ್ಲ, ಕ್ಷಮಿಸಬೇಕು’ ಎನ್ನುವ ಗಾಯಕ, ಆರು ತಿಂಗಳ ಮೊದಲೇ ಒಪ್ಪಿಕೊಂಡ ಉಪನ್ಯಾಸವನ್ನು ‘ಸಿದ್ಧತೆಗೆ ಅವಕಾಶವಾಗಲಿಲ್ಲ’ ಎಂದು ಆರಂಭಿಸುವ ವಿದ್ವಾಂಸ, ಇವರೆಲ್ಲರೂ ನಮಗೆ ಪರಿಚಿತರೇ. ತನ್ನ ಕಾರ್ಯಕ್ಕೆ ತಾನೇ ವಿಘ್ನವನ್ನು ಕಲ್ಪಿಸಿಕೊಳ್ಳುವ ಈ ಮನಸ್ಸಿನ ಒಳಗುಟ್ಟೇನು? ಅದರಿಂದ ಆಗುವ ಹಾನಿಯೇನು? ಇದನ್ನು ಈ ಸಂಚಿಕೆಯಲ್ಲಿ ಸ್ವಲ್ಪ ವಿಚಾರಿಸೋಣ.

ಪರರ ದೋಷವನ್ನು ಹೇಳುವ ಮೊದಲು ನಮ್ಮದನ್ನು ಹೇಳುವುದು ನ್ಯಾಯ. ಸುಮಾರು ಮೂವತ್ತು ವರ್ಷಗಳ ಹಿಂದೆ ನಾವು ಈ ನಗರದ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದೆವು. ಬಡ್ತಿಗಾಗಿ ಇಲಾಖೆಯ ಪರೀಕ್ಷೆಯನ್ನು ಬರೆಯಬೇಕಾಗಿತ್ತು. ಆ ವರ್ಷ ಪರೀಕ್ಷೆ ಬಂದುದು ಶ್ರೀರಾಯರ ಆರಾಧನೆಯಾದ ಹತ್ತೇ ದಿನಕ್ಕೆ. ಯಾರೂ ಕೇಳದಿದ್ದರೂ ನಾವು ಉಗ್ರಾಣದ ಲೆಕ್ಕವನ್ನೂ ಪಂಕ್ತಿಯ ವ್ಯವಸ್ಥೆಯನ್ನೂ ಮೈಮೇಲೆ ಹಾಕಿಕೊಂಡೆವು. ಒಂದು ತಿಂಗಳು ಮೊದಲಿನಿಂದಲೇ ಸಂಜೆಗಳೆಲ್ಲ ಅದಕ್ಕೆ ಹೋದವು. ವ್ಯವಸ್ಥೆ ನೋಡುತ್ತಿದ್ದ ಹಿರಿಯರೊಬ್ಬರಿಗೆ ವಿಷಯ ತಿಳಿದು, ‘ನಿಮಗೆ ಪರೀಕ್ಷೆಯಿದೆಯಂತೆ, ಮನೆಗೆ ಹೋಗಿ ಓದಿಕೊಳ್ಳಿರಿ, ಇಲ್ಲಿ ಬೇರೆಯವರಿದ್ದಾರೆ’ ಎಂದರು. ಆ ಮಾತಿನಿಂದ ನಮಗೆ ಸಂತೋಷವಾಗಬೇಕಿತ್ತು. ಆದುದು ದಿಗಿಲು. ‘ರಾಯರ ಸೇವೆಗಿಂತ ಪರೀಕ್ಷೆ ದೊಡ್ಡದೇ?’ ಎಂದು ಉತ್ತರ ಕೊಟ್ಟು ಉಗ್ರಾಣದಲ್ಲಿಯೇ ಉಳಿದೆವು. ಪರೀಕ್ಷೆಯಲ್ಲಿ ಅನುತ್ತೀರ್ಣರಾದೆವು. ‘ಪಾಪ, ಮಠದ ಸೇವೆಯಲ್ಲಿ ಓದಲಾಗಲಿಲ್ಲ’ ಎಂದು ಎಲ್ಲರೂ ಮರುಗಿದರು. ಆ ಮರುಕವನ್ನು ನಾವು ಪ್ರಸಾದದಂತೆ ಸ್ವೀಕರಿಸಿದೆವು. ಆ ದಿಗಿಲು ಏಕಾಯಿತೆಂದು ಬಹುಕಾಲ ನಾವು ಕೇಳಿಕೊಳ್ಳಲೇ ಇಲ್ಲ.

ಈ ದಿಗಿಲಿನ ಅರ್ಥವನ್ನು ತಿಳಿಯಲು ಮಹಾಭಾರತದ ವಿರಾಟಪರ್ವಕ್ಕೆ ಹೋಗಬೇಕು. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂದು ನಾವು ನಗುತ್ತೇವೆ. ಆದರೆ ಉತ್ತರಕುಮಾರ ಆಡಿದ ಮಾತನ್ನು ಗಮನವಿಟ್ಟು ನೋಡಿದವರು ಕಡಿಮೆ. ವಿರಾಟರಾಜನು ಸುಶರ್ಮನ ಮೇಲೆ ಸೈನ್ಯಸಮೇತ ಹೋಗಿದ್ದಾನೆ. ಇತ್ತ ಕೌರವರು ಗೋವುಗಳನ್ನು ಹಿಡಿದರೆಂದು ಗೋಪಾಲಕರ ಮುಖ್ಯಸ್ಥ ಓಡಿಬಂದು ಹೇಳುತ್ತಾನೆ. ಅಂತಃಪುರದ ಸ್ತ್ರೀಯರ ನಡುವೆ ಕುಳಿತ ರಾಜಕುಮಾರ ‘ನಾನು ಹೋಗಲಾರೆ’ ಎನ್ನುವುದಿಲ್ಲ. ‘ನನಗೆ ತಕ್ಕ ಸಾರಥಿಯೊಬ್ಬನಿದ್ದರೆ ಈಗಲೇ ಹೋಗಿ ಕೌರವರನ್ನು ಗೆದ್ದುಬರುತ್ತಿದ್ದೆ, ಏನು ಮಾಡಲಿ, ನನ್ನ ಸಾರಥಿ ಹಿಂದಿನ ಯುದ್ಧದಲ್ಲಿ ಸತ್ತುಹೋದ’ ಎಂಬುದು ಅವನ ಮಾತಿನ ಭಾವ. ಸಾರಥಿಯಿಲ್ಲದಿದ್ದುದು ನಿಜವೇ. ಆ ನಿಜದ ಮರೆಯಲ್ಲಿ ಅವನ ಶೌರ್ಯ ಸುರಕ್ಷಿತವಾಗಿತ್ತು. ಯಾರೂ ಅದನ್ನು ಪರೀಕ್ಷಿಸುವಂತಿರಲಿಲ್ಲ. ಅಷ್ಟರಲ್ಲಿ ಬೃಹನ್ನಳೆಯ ರೂಪದಲ್ಲಿ ಲೋಕದಲ್ಲೇ ಶ್ರೇಷ್ಠನಾದ ಸಾರಥಿ ದೊರೆತುಬಿಟ್ಟ. ಉತ್ತರನಿಗೆ ಅದಕ್ಕಿಂತ ದೊಡ್ಡ ವಿಪತ್ತು ಇನ್ನಾವುದಿದ್ದೀತು? ಕೌರವಸೇನೆಯನ್ನು ಕಂಡೊಡನೆ ಅವನು ರಥದಿಂದ ಹಾರಿ ಓಡಿದನು. ಉಗ್ರಾಣದಲ್ಲಿ ನಮಗಾದ ದಿಗಿಲೂ ಇದೇ. ಹಿರಿಯರು ನಮ್ಮ ಅಡ್ಡಿಯನ್ನು ತೆಗೆದುಹಾಕಲು ಬಂದಿದ್ದರು. ಅವರು ನಮ್ಮ ಪಾಲಿನ ಬೃಹನ್ನಳೆಯಾಗಿದ್ದರು.

ಈ ವರ್ತನೆಯ ಲೆಕ್ಕಾಚಾರ ಬಹು ಜಾಣತನದ್ದು. ಅಡ್ಡಿಯಿಟ್ಟುಕೊಂಡು ಸೋತರೆ ಸೋಲಿನ ಹೊಣೆ ಅಡ್ಡಿಯ ಮೇಲೆ ಹೋಗುತ್ತದೆ. ಸಾಮರ್ಥ್ಯದ ಮೇಲೆ ಬರುವುದಿಲ್ಲ. ಅಡ್ಡಿಯಿದ್ದೂ ಗೆದ್ದರೆ ‘ಓದದೆಯೇ ಇಷ್ಟು ಅಂಕ ತೆಗೆದ!’ ಎಂಬ ಕೀರ್ತಿ ಇಮ್ಮಡಿಯಾಗುತ್ತದೆ. ಮಾನ ಎರಡು ಕಡೆಯಿಂದಲೂ ಉಳಿಯಿತು. ಕಳೆದುಹೋದುದು ಒಂದೇ, ಕಾರ್ಯಸಿದ್ಧಿ. ಮಾನವನ್ನು ಕಾಯಲು ಕಾರ್ಯವನ್ನೇ ಬಲಿಕೊಡುವ ಈ ವ್ಯಾಪಾರವನ್ನು ಆಧುನಿಕ ಮನಶ್ಶಾಸ್ತ್ರಜ್ಞರೂ ಪರೀಕ್ಷೆ ಮಾಡಿ ನೋಡಿದ್ದಾರೆ.

1978ರಲ್ಲಿ ಅಮೆರಿಕೆಯ ಸ್ಟೀವನ್ ಬರ್ಗ್ಲಾಸ್ ಮತ್ತು ಎಡ್ವರ್ಡ್ ಜೋನ್ಸ್ ಎಂಬವರು ಈ ವಿಷಯದಲ್ಲಿ ಪ್ರಸಿದ್ಧವಾದ ಒಂದು ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳ ಒಂದು ಗುಂಪಿಗೆ ಬಿಡಿಸಬಲ್ಲ ಸಮಸ್ಯೆಗಳನ್ನೂ ಇನ್ನೊಂದು ಗುಂಪಿಗೆ ಬಹುಪಾಲು ಬಿಡಿಸಲಾಗದ ಸಮಸ್ಯೆಗಳನ್ನೂ ಕೊಟ್ಟರು. ಆದರೆ ಎರಡು ಗುಂಪಿನವರಿಗೂ ‘ಬಹಳ ಚೆನ್ನಾಗಿ ಮಾಡಿದಿರಿ’ ಎಂದು ಹೇಳಿದರು. ಆಮೇಲೆ, ಮುಂದಿನ ಪರೀಕ್ಷೆಗೆ ಮೊದಲು ಎರಡು ಔಷಧಿಗಳಲ್ಲಿ ಒಂದನ್ನು ಆರಿಸಿಕೊಳ್ಳುವಂತೆ ತಿಳಿಸಿದರು. ಒಂದು ಬುದ್ಧಿಯನ್ನು ಚುರುಕುಗೊಳಿಸುವುದು, ಇನ್ನೊಂದು ಮಂದಗೊಳಿಸುವುದು ಎಂದು ವಿವರಿಸಲಾಗಿತ್ತು. ತಮ್ಮ ಯಶಸ್ಸಿಗೆ ಕಾರಣವೇ ತಿಳಿಯದೆ ಹೊಗಳಿಕೆ ಪಡೆದವರಲ್ಲಿ, ಅದರಲ್ಲಿಯೂ ಪುರುಷರಲ್ಲಿ, ಹೆಚ್ಚು ಮಂದಿ ಮಂದಗೊಳಿಸುವ ಔಷಧಿಯನ್ನೇ ಆರಿಸಿದರು! ಅನರ್ಹವಾಗಿ ದೊರೆತ ಕೀರ್ತಿಯನ್ನು ಎರಡನೆಯ ಸಲ ಉಳಿಸಿಕೊಳ್ಳಲಾರೆನೆಂಬ ಭಯ ಅವರಿಗಿತ್ತು. ಸೋಲುವುದಾದರೆ ಔಷಧಿಯಿಂದ ಸೋತೆನೆನ್ನಬಹುದಲ್ಲವೇ?

1984ರಲ್ಲಿ ಫ್ರೆಡರಿಕ್ ರೋಡ್‌ವಾಲ್ಟ್ ಮತ್ತು ಅವರ ಸಹೋದ್ಯೋಗಿಗಳು ಈಜುಗಾರರನ್ನು ಗಮನಿಸಿದರು. ಮುಖ್ಯವಾದ ಸ್ಪರ್ಧೆ ಸಮೀಪಿಸಿದಂತೆ ಸಾಮಾನ್ಯ ಈಜುಗಾರರು ಅಭ್ಯಾಸವನ್ನು ಹೆಚ್ಚಿಸಿದರು. ನೆಪವನ್ನು ಸಿದ್ಧವಿಟ್ಟುಕೊಳ್ಳುವ ಸ್ವಭಾವದವರು ಹಾಗೆ ಹೆಚ್ಚಿಸಲಿಲ್ಲ. ಅಂದರೆ ಕಾರ್ಯ ಎಷ್ಟು ಮಹತ್ತ್ವದ್ದೋ ಅಷ್ಟು ಈ ರೋಗ ಪ್ರಬಲ. ಯಾವ ಪರೀಕ್ಷೆಯನ್ನು ನಾವು ಲೆಕ್ಕಿಸುವುದಿಲ್ಲವೋ ಅದಕ್ಕೆ ಯಾರೂ ನೆಪವನ್ನು ಕೂಡಿಡುವುದಿಲ್ಲ. ಆದುದರಿಂದ ಮಗ ಓದದಿರುವುದನ್ನು ಕಂಡು ‘ಇವನಿಗೆ ಪರೀಕ್ಷೆಯ ಬಗ್ಗೆ ಚಿಂತೆಯೇ ಇಲ್ಲ’ ಎಂದು ಗದರುವ ತಂದೆ ಅನೇಕ ಸಲ ತಪ್ಪು ತಿಳಿದಿರುತ್ತಾನೆ. ಚಿಂತೆ ಮಿತಿಮೀರಿದುದರಿಂದಲೇ ಆ ಮಗ ಪುಸ್ತಕವನ್ನು ಮುಟ್ಟಲಾರದೆ ಕುಳಿತಿರಬಹುದು.

ಈ ಭಯದ ಬೀಜ ಎಲ್ಲಿಂದ ಬರುತ್ತದೆ? ಬಹುಶಃ ನಮ್ಮ ಹೊಗಳಿಕೆಯಿಂದಲೇ. ಅಮೀರ್‌ಪೇಟೆಯಿಂದ ದಿಲ್‌ಸುಖ್‌ನಗರದವರೆಗೆ ಈ ನಗರದಲ್ಲಿ ತರಬೇತಿ ಕೇಂದ್ರಗಳಿಗೆ ಲೆಕ್ಕವಿಲ್ಲ. ಫಲಿತಾಂಶ ಬಂದ ಮರುದಿನ ರ‍್ಯಾಂಕ್ ಪಡೆದ ಮಕ್ಕಳ ಮುಖಗಳು ಬೀದಿಬೀದಿಯ ಫಲಕಗಳ ಮೇಲೆ ಏರುತ್ತವೆ. ಬಹುಕಾಲ ಎಂಸೆಟ್ ಎನಿಸಿಕೊಂಡು 2024ರಲ್ಲಿ ತೆಲಂಗಾಣದಲ್ಲಿ ಇಎಪಿಸೆಟ್ ಎಂದು ಹೆಸರು ಬದಲಾಯಿಸಿಕೊಂಡ ಪ್ರವೇಶಪರೀಕ್ಷೆಯ ಹೆಸರು ಕೇಳಿದರೆ ಮನೆಮನೆಯಲ್ಲಿಯೂ ಉಸಿರು ಬಿಗಿಯಾಗುತ್ತದೆ. ಇಂತಹ ವಾತಾವರಣದಲ್ಲಿ ‘ನಮ್ಮ ಹುಡುಗ ಬಹಳ ಬುದ್ಧಿವಂತ’ ಎಂಬ ಮಾತು ಆ ಹುಡುಗನ ತಲೆಯ ಮೇಲೆ ಇಟ್ಟ ಕೊಡವಾಗುತ್ತದೆ. ಅವನ ಗಮನವೆಲ್ಲ ಕೊಡ ಬೀಳದಂತೆ ನೋಡಿಕೊಳ್ಳುವುದರಲ್ಲಿಯೇ ಹೋಗಿ, ನಡೆಯುವುದು ನಿಂತುಹೋಗುತ್ತದೆ. 1998ರಲ್ಲಿ ಕ್ಲಾಡಿಯಾ ಮ್ಯುಲ್ಲರ್ ಮತ್ತು ಕ್ಯಾರೋಲ್ ಡ್ವೆಕ್ ಎಂಬ ವಿದುಷಿಯರು ಐದನೆಯ ತರಗತಿಯ ಮಕ್ಕಳಲ್ಲಿ ಇದನ್ನು ಪರೀಕ್ಷಿಸಿದರು. ಬುದ್ಧಿಯನ್ನು ಹೊಗಳಿಸಿಕೊಂಡ ಮಕ್ಕಳು ಮುಂದೆ ಸುಲಭವಾದ ಕೆಲಸವನ್ನೇ ಬಯಸಿದರು, ಒಮ್ಮೆ ಸೋತ ಮೇಲೆ ಕುಗ್ಗಿದರು. ತಮ್ಮ ಅಂಕಗಳನ್ನು ಹೆಚ್ಚಿಸಿ ಹೇಳಿದವರೂ ಅವರಲ್ಲಿಯೇ ಹೆಚ್ಚು. ಪ್ರಯತ್ನವನ್ನು ಹೊಗಳಿಸಿಕೊಂಡವರು ಕಷ್ಟದ ಸಮಸ್ಯೆಗೂ ಕೈಹಾಕಿದರು. ಒಂದು ಮಾತನ್ನು ಬದಲಿಸಿದರೆ ಮಕ್ಕಳೆಲ್ಲ ಬದಲಾಗುವರೆಂದು ಇದರ ಅರ್ಥವಲ್ಲ. ಆದರೆ ಮಾತಿನ ಭಾರ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

ಇಲ್ಲಿ ಒಂದು ಪೂರ್ವಪಕ್ಷ ಬರಬಹುದು. ‘ಎಲ್ಲ ಅಡ್ಡಿಗಳೂ ಕಲ್ಪಿತವೇ? ಬಡತನವೂ ರೋಗವೂ ನಿಜವಲ್ಲವೇ? ಸೋತವನನ್ನು ನೆಪಗಾರನೆಂದು ಹಂಗಿಸಲು ನಿಮ್ಮ ಈ ವಿಚಾರ ಹೊಸ ಆಯುಧವಾಗದೇ?’ ಎಂದು. ಈ ಆಕ್ಷೇಪ ಯುಕ್ತವಾದುದು. ನಮ್ಮ ಹಿರಿಯರನ್ನೇ ನೋಡೋಣ. 1956ರವರೆಗೆ ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ನಿಜಾಮರ ಆಳಿಕೆಯ ಕಾಲದಲ್ಲಿ ಬೋಧನಭಾಷೆ ಉರ್ದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ತರಗತಿಯಲ್ಲಿ ಉರ್ದು ಎಂಬ ಸ್ಥಿತಿಯಲ್ಲಿ ಓದಿದ ಕನ್ನಡದ ಹುಡುಗರಿಗೆ ಅಡ್ಡಿ ನಿಜವಾಗಿಯೇ ಇತ್ತು. ಅದನ್ನು ಅವರು ತಂದುಕೊಂಡಿರಲಿಲ್ಲ. ಇದೇ ನಗರದ ಪುಲ್ಲೇಲ ಗೋಪಿಚಂದರು 1994ರಲ್ಲಿ ಮೊಣಕಾಲಿಗೆ ತೀವ್ರವಾದ ಗಾಯ ಮಾಡಿಕೊಂಡರು. ಆಟವನ್ನು ಬಿಡಲು ಅದಕ್ಕಿಂತ ಗೌರವದ ಕಾರಣ ಬೇಕಿರಲಿಲ್ಲ. ಆದರೂ ಅವರು 2001ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿಯನ್ನು ಗೆದ್ದರು. ಅದೇ ಗಾಯದಿಂದ ಆಟ ಬಿಡಬೇಕಾಗಿ ಬಂದವರು ಅವರಿಗಿಂತ ಕೀಳೆಂದು ಯಾರೂ ಹೇಳಲಾಗದು.

ಹಾಗಾದರೆ ಬಂದ ಅಡ್ಡಿ ಯಾವುದು, ತಂದುಕೊಂಡ ಅಡ್ಡಿ ಯಾವುದು ಎಂದು ತಿಳಿಯುವುದು ಹೇಗೆ? ಹೊರಗಿನಿಂದ ನೋಡುವವರಿಗೆ ಇದು ಬಹುಮಟ್ಟಿಗೆ ಅಸಾಧ್ಯ. ಆದುದರಿಂದಲೇ ಈ ಅಳತೆಗೋಲನ್ನು ಪರರ ಮೇಲೆ ಬಳಸಲು ನಮಗೆ ಅಧಿಕಾರವಿಲ್ಲ. ನಮ್ಮ ಮೇಲೆ ಬಳಸಿಕೊಳ್ಳಲು ಮಾತ್ರ ಒಂದು ಸುಲಭವಾದ ಪರೀಕ್ಷೆಯುಂಟು. ಯಾರಾದರೂ ಬಂದು ‘ನಿನ್ನ ಅಡ್ಡಿಯನ್ನು ನಾನು ತೆಗೆಯುತ್ತೇನೆ’ ಎಂದರೆ ನಮಗೆ ಆಗುವುದು ಸಂತೋಷವೋ ದಿಗಿಲೋ? ಉರ್ದು ಬಾರದೆ ತೊಳಲುವ ವಿದ್ಯಾರ್ಥಿಗೆ ಉರ್ದು ಕಲಿಸುವವನು ಸಿಕ್ಕರೆ ಅವನು ಕೈಮುಗಿಯುತ್ತಾನೆ. ಸಾರಥಿಯಿಲ್ಲವೆಂದ ಉತ್ತರನಿಗೆ ಸಾರಥಿ ಸಿಕ್ಕರೆ ಅವನು ಬೆವರುತ್ತಾನೆ. ಈ ಒಂದು ಗುರುತು ಸಾಕು.

ಎರಡನೆಯ ಪೂರ್ವಪಕ್ಷ ಇನ್ನೂ ಸೂಕ್ಷ್ಮವಾದುದು. ‘ಆತ್ಮಗೌರವ ಮನುಷ್ಯನಿಗೆ ಬೇಕು. ತನ್ನನ್ನು ತಾನು ಕುಗ್ಗಿಸಿಕೊಳ್ಳಬಾರದೆಂದು ಗೀತೆಯ ಆರನೆಯ ಅಧ್ಯಾಯವೇ ಹೇಳುತ್ತದೆ. ಸಣ್ಣದೊಂದು ನೆಪದಿಂದ ಮನಸ್ಸು ಮುರಿಯದೆ ಉಳಿಯುವುದಾದರೆ ತಪ್ಪೇನು? ಯಾರಿಗೆ ಮೋಸವಾಯಿತು?’ ಎಂದು. ಇದಕ್ಕೆ ಉತ್ತರವಾಗಿ ನಮ್ಮ ಶಾಸ್ತ್ರದ ಒಂದು ಪ್ರಮೇಯವನ್ನು ನೆನೆಯಬೇಕಾಗಿದೆ. ಶ್ರೀಮದಾಚಾರ್ಯರ ಮತದಲ್ಲಿ ಮನಸ್ಸು ಬೇರೆ, ಸಾಕ್ಷಿ ಬೇರೆ. ಮನಸ್ಸು ಕರಣ, ಅದು ಭ್ರಮೆಗೊಳಗಾಗಬಹುದು. ಜೀವನ ಸ್ವರೂಪವೇ ಆದ ಸಾಕ್ಷಿ ಸುಖದುಃಖಗಳನ್ನು ನೇರವಾಗಿ ಅರಿಯುತ್ತದೆ. ಜ್ಞಾನದ ಪ್ರಾಮಾಣ್ಯವನ್ನೂ ನಿಶ್ಚಯಿಸುತ್ತದೆ. ಅದರ ಅನುಭವ ತಪ್ಪುವುದಿಲ್ಲ. ಈ ತತ್ತ್ವವನ್ನು ಪ್ರಸ್ತುತ ವಿಷಯಕ್ಕೆ ಅನ್ವಯಿಸಿ ನೋಡಿದರೆ ನಮಗೆ ತೋರುವುದಿಷ್ಟು: ನೆಪವನ್ನು ನಂಬುವುದು ಮನಸ್ಸು, ನಂಬುವವರು ನೆರೆಯವರು, ಆದರೆ ಒಳಗಿನ ಸಾಕ್ಷಿಯ ಮುಂದೆ ಅದು ನಡೆಯದು. ಆ ದಿಗಿಲನ್ನು ಅರಿತದ್ದು ಅದೇ. ಆದುದರಿಂದಲೇ ನೆಪದಿಂದ ಉಳಿಸಿಕೊಂಡ ಮಾನದಲ್ಲಿ ನೆಮ್ಮದಿಯಿಲ್ಲ. ಅದನ್ನು ಪ್ರತಿಸಲವೂ ಹೊಸ ನೆಪದಿಂದ ಕಾಯಬೇಕಾಗುತ್ತದೆ. ನೆಪದಿಂದ ಸೋಲು, ಸೋಲಿನಿಂದ ಅಂಜಿಕೆ, ಅಂಜಿಕೆಯಿಂದ ಇನ್ನೂ ದೊಡ್ಡ ನೆಪ, ಹೀಗೆ ಚಕ್ರ ಸುತ್ತುತ್ತದೆ. ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ತಾಮಸ ಕರ್ತೃವಿನ ಲಕ್ಷಣಗಳನ್ನು ಎಣಿಸುವಾಗ ಆಲಸ್ಯ, ವಿಷಾದ, ದೀರ್ಘಸೂತ್ರತೆಗಳ ಜೊತೆಗೇ ಸ್ತಬ್ಧತೆಯೂ ಬಂದಿದೆ. ಸ್ತಬ್ಧತೆಯೆಂದರೆ ಬಾಗದ ಅಹಂಭಾವ. ಮುಂದೂಡುವಿಕೆ ಮೈಗಳ್ಳತನದಿಂದ ಮಾತ್ರ ಬರುವುದಿಲ್ಲ, ಅಹಂಭಾವದ ಮನೆಯಲ್ಲಿಯೂ ಹುಟ್ಟುತ್ತದೆ ಎಂಬುದಕ್ಕೆ ಈ ಸಹವಾಸವೇ ಸೂಚನೆಯೆಂದು ನಾವು ಭಾವಿಸುತ್ತೇವೆ.

ನೆಪದ ಇನ್ನೊಂದು ನಷ್ಟವನ್ನು ನಾವು ಅನುಭವದಿಂದ ಬಲ್ಲೆವು. ಆರಾಧನೆಯ ವರ್ಷದ ಸೋಲು ನಮಗೆ ಏನನ್ನೂ ಕಲಿಸಲಿಲ್ಲ; ಏಕೆಂದರೆ ಅದು ನಮ್ಮ ಸೋಲಾಗಿರಲೇ ಇಲ್ಲ. ಮರುವರ್ಷ ಸರಿಯಾಗಿ ಓದಿ ಬರೆದೆವು. ಆಗಲೂ ಒಂದು ಪತ್ರಿಕೆಯಲ್ಲಿ ಅನುತ್ತೀರ್ಣರಾದೆವು. ಆ ರಾತ್ರಿ ನಿದ್ರೆ ಬರಲಿಲ್ಲ, ಹೇಳಿಕೊಳ್ಳಲು ಕಾರಣವೂ ಇರಲಿಲ್ಲ. ಆದರೆ ಲೆಕ್ಕಪತ್ರದ ನಿಯಮಗಳು ನಮಗೆ ಬಾರವೆಂಬುದು ಮೊದಲ ಬಾರಿಗೆ ಸ್ಪಷ್ಟವಾಯಿತು. ಬಲ್ಲವರೊಬ್ಬರ ಬಳಿ ಕುಳಿತು ಕಲಿತೆವು. ಮೂರನೆಯ ವರ್ಷ ಉತ್ತೀರ್ಣರಾದೆವು. ಹೊಣೆ ಹೊತ್ತ ಸೋಲು ಗುರುವಾಗುತ್ತದೆ. ನೆಪ ಹೊದಿಸಿದ ಸೋಲು ಶವದಂತೆ ಬಿದ್ದಿರುತ್ತದೆ. ಉಗ್ರಾಣದ ಸೇವೆಯ ವಿಷಯದಲ್ಲಿಯಾದರೋ ನಮ್ಮ ತಪ್ಪು ಇನ್ನೂ ದೊಡ್ಡದು. ಸೇವೆ ಸೇವೆಗಾಗಿ ನಡೆದಿರಲಿಲ್ಲ. ದೇವರ ಕೆಲಸವನ್ನು ನಮ್ಮ ಅಹಂಕಾರಕ್ಕೆ ಗುರಾಣಿಯಾಗಿ ಹಿಡಿದಿದ್ದೆವು. ‘ದೈವೇಚ್ಛೆ’, ‘ಯೋಗ್ಯತೆಯಿದ್ದಷ್ಟು’ ಎಂಬ ಪವಿತ್ರವಾದ ಮಾತುಗಳನ್ನು ಕೂಡ, ಪ್ರಯತ್ನಕ್ಕೆ ಮೊದಲೇ ಉಚ್ಚರಿಸಿದರೆ, ಅಗೆದ ನೆಲವಾಗಿಯೇ ಬಳಸಬಹುದು. ಪ್ರಯತ್ನ ಮುಗಿದ ಮೇಲೆ ಹೇಳಿದಾಗ ಮಾತ್ರ ಅವು ಭಕ್ತಿಯ ಮಾತುಗಳು.

ಇನ್ನು ಪರಿಹಾರವೇನು? ಜೀವನು ಅಸ್ವತಂತ್ರನೆಂಬ ತತ್ತ್ವವನ್ನು ಕೆಲವರು ಮನಸ್ಸನ್ನು ಕುಗ್ಗಿಸುವ ಮಾತೆಂದು ತಿಳಿಯುತ್ತಾರೆ. ನಮಗೆ ಅದು ಬಿಡುಗಡೆಯ ಮಾತಾಗಿ ಕಂಡಿದೆ. ಗೆಲುವು ಸಂಪೂರ್ಣವಾಗಿ ‘ನನ್ನದು’ ಎನ್ನುವವನಿಗೆ ಸೋಲೂ ಸಂಪೂರ್ಣವಾಗಿ ‘ನಾನು’ ಆಗಿಬಿಡುತ್ತದೆ. ಆಗ ಅದನ್ನು ಎದುರಿಸುವ ಧೈರ್ಯ ಯಾರಿಗೆ ಬಂದೀತು? ಪ್ರಯತ್ನ ನನ್ನ ಕರ್ತವ್ಯ, ಫಲ ಸ್ವತಂತ್ರನಾದ ಹರಿಗೆ ಸೇರಿದ್ದು ಎಂದು ತಿಳಿದವನು ಪೂರ್ಣ ಪ್ರಯತ್ನ ಮಾಡಿಯೂ ಸೋಲಬಲ್ಲ. ಪೂರ್ಣ ಪ್ರಯತ್ನ ಮಾಡಿ ಸೋಲುವ ಧೈರ್ಯವಿರುವವನಿಗೆ ನೆಪ ಬೇಕಿಲ್ಲ.

ಈ ಮಾತು ಹಿರಿಯರಿಗಿಂತ ಮಕ್ಕಳಿಗೆ ಹೆಚ್ಚು ಬೇಕಾಗಿದೆ. 2019ರ ಏಪ್ರಿಲ್‌ನಲ್ಲಿ ತೆಲಂಗಾಣದ ಇಂಟರ್‌ಮೀಡಿಯೆಟ್ ಫಲಿತಾಂಶ ಬಂದಾಗ ಅದರಲ್ಲಿ ದೋಷಗಳಿದ್ದುದು ಆಮೇಲೆ ಹೊರಬಂದಿತು. ಅಷ್ಟರಲ್ಲಿಯೇ ಒಬ್ಬೊಬ್ಬರಾಗಿ ಇಪ್ಪತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಳ್ಳತೊಡಗಿದ್ದರು. ಆ ಮಕ್ಕಳು ನೆಪಗಾರರಾಗಿರಲಿಲ್ಲ. ಅವರ ದುಃಖದ ಮುಂದೆ ನಮ್ಮ ವಿಶ್ಲೇಷಣೆಗೆ ಬೆಲೆಯಿಲ್ಲ. ಆದರೆ ಅಂಕಪಟ್ಟಿಯೇ ತಾನೆಂದು ಒಂದು ಎಳೆಯ ಜೀವ ನಂಬುವಂತೆ ಮಾಡಿದವರಲ್ಲಿ ನಾವೆಲ್ಲರೂ ಸೇರಿದ್ದೇವೆ. ಆ ನಂಬಿಕೆಯ ಒಂದು ತುದಿಯಲ್ಲಿ ನೆಪವಿದೆ, ಇನ್ನೊಂದು ತುದಿಯಲ್ಲಿ ಇಂತಹ ಅನಾಹುತವಿದೆ. ಇತ್ತೀಚೆಗೆ ನಮ್ಮ ಬಂಧುಗಳ ಹುಡುಗನೊಬ್ಬ ‘ನಾನು ಓದಲೇ ಇಲ್ಲ ತಾತ, ಓದಿದ್ದರೆ ಬರುತ್ತಿತ್ತು’ ಎಂದ. ಗದರಿಸಬೇಕೆನಿಸಿತು, ಗದರಿಸಲಿಲ್ಲ. ಉಗ್ರಾಣದ ಕಥೆಯನ್ನು ಹೇಳಿ, ‘ಓದಿಯೂ ಬಾರದಿದ್ದರೆ ನಾವು ನಿನ್ನನ್ನು ಬಿಟ್ಟುಬಿಡುತ್ತೇವೆಂದು ತಿಳಿದೆಯಾ?’ ಎಂದು ಕೇಳಿದೆವು. ಅವನು ಉತ್ತರ ಕೊಡಲಿಲ್ಲ; ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕುಳಿತಿದ್ದನು.

ಉತ್ತರಕುಮಾರನ ಕಥೆ ಓಟದಲ್ಲಿ ಮುಗಿಯುವುದಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಅರ್ಜುನ ಅವನನ್ನು ಹಿಡಿದುತಂದು, ಹಂಗಿಸದೆ, ಅವನ ಕೈಗೆ ಕುದುರೆಗಳ ಹಗ್ಗವನ್ನು ಕೊಟ್ಟನು. ಅವನು ಮಾಡಬಲ್ಲ ಕೆಲಸ ಅದಾಗಿತ್ತು. ಅದನ್ನು ಅವನು ಭೀಷ್ಮದ್ರೋಣರ ಎದುರಿನಲ್ಲಿಯೇ ಮಾಡಿದನು. ಗೆಲುವಾದ ಮೇಲೆ, ‘ನೀನೇ ಗೆದ್ದೆಯೆಂದು ತಂದೆಗೆ ಹೇಳು’ ಎಂದು ಅರ್ಜುನನೇ ಸೂಚಿಸಿದ್ದನು. ಸಭೆಯಲ್ಲಿ ತಂದೆ ಮಗನನ್ನು ಹೊಗಳುತ್ತಿದ್ದಾಗ ಉತ್ತರನು, ಗೆದ್ದವನು ನಾನಲ್ಲ, ದೇವಪುತ್ರನೊಬ್ಬ ಗೆದ್ದುಕೊಟ್ಟ ಎಂದು ಹೇಳಿದನು. ತನ್ನದಲ್ಲದ ಕೀರ್ತಿಯನ್ನು ಬೇಡವೆಂದವನಿಗೆ ಅದನ್ನು ಕಾಯುವ ಭಯವೂ ಇಲ್ಲ. ನಾವು ನಗುವ ಉತ್ತರನೇ ನಮಗಿಂತ ಮುಂದೆ ಹೋಗಿ ನಿಂತಿದ್ದಾನೆ.

ಅರೆಬೆಂದ ಅನ್ನವನ್ನು ನೈವೇದ್ಯಕ್ಕೆ ಇಡುವವರಿಲ್ಲ. ‘ಒಲೆ ಸರಿಯಿರಲಿಲ್ಲ’ ಎಂದು ದೇವರ ಮುಂದೆ ಹೇಳುವವರೂ ಇಲ್ಲ. ನಮ್ಮ ನಮ್ಮ ಕೆಲಸವೂ ಹಾಗೆಯೇ. ಮೊದಲು ಪೂರ್ತಿ ಬೇಯಿಸೋಣ. ರುಚಿ ಹೇಗಾದರೂ ಆಗಲಿ, ಆಮೇಲೆ ಸಮರ್ಪಿಸೋಣ.

ಶ್ರೀಕೃಷ್ಣಾರ್ಪಣಮಸ್ತು.